ಮಾಯಣ್ಣನವರ ಬಲಗಣ್ಣಿನ ಕೂದಲು

ಮಾಮೂಲ್‌ಪೇಟೆಯಲ್ಲಿ ವಾಚ್ ಮಾಯಣ್ಣ ಯಾರೆಂದು ಕೇಳುವವರು ಆ ಗಲ್ಲಿಗೆ ಹೊಸಬರೇ ಆಗಿರಬೇಕು. ಅಂಗಡಿ ಎಂದು ಕರೆಯುವುದು ಮರ್ಯಾದೆಗೆ, ಅಷ್ಟೇ. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಉಳಿದ ಜಾಗದಲ್ಲಿ ಒಂದು ಗಾಜಿನ ಪೆಟ್ಟಿಗೆ, ಅದರ ಹಿಂದೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಮಾಯಣ್ಣ. ನೆಟ್ಟಗೆ ನಿಂತರೆ ತಲೆ ಮೆಟ್ಟಿಲಿಗೆ ಬಡಿಯುತ್ತದೆ. ಆದ್ದರಿಂದ ನಲವತ್ತನಾಲ್ಕು ವರ್ಷದಿಂದ ಅವರು ಬಗ್ಗಿ ಒಳಗೆ ಹೋಗುತ್ತಾರೆ, ಬಗ್ಗಿ ಕೂತು ಕೆಲಸ ಮಾಡುತ್ತಾರೆ, ಸಂಜೆ ಏಳಕ್ಕೆ ಬಗ್ಗಿಕೊಂಡೇ ಹೊರಗೆ ಬಂದು, ಸೊಂಟದ ಮೇಲೆ ಎರಡೂ ಕೈ ಇಟ್ಟು ಒಂದು ಸಲ ಆಕಾಶ ನೋಡುತ್ತಾರೆ. ಈ ಬದುಕಿನ ಬಗ್ಗೆ ಅವರಿಗೆ ಯಾವ ತಕರಾರೂ ಇರಲಿಲ್ಲ. ಮಾಗಡಿ ಕಡೆಯ ಹಳ್ಳಿಯಿಂದ ಬಂದು ತಳ್ಳುಗಾಡಿಯಲ್ಲಿ ಸೊಪ್ಪು ಮಾರಿದ ಅಪ್ಪನ ಮಗ ಅವರು. ಬಿಸಿಲಿಲ್ಲದ ಜಾಗದಲ್ಲಿ ಕೂತು ಮಾಡುವ ಕೆಲಸ ಸಿಕ್ಕಿದ್ದೇ ಪುಣ್ಯ ಎನ್ನುತ್ತಿದ್ದರು.

ಅವರ ಬಂಡವಾಳ ಎಂದರೆ ಬಲಗಣ್ಣು. ವಾಚ್ ರಿಪೇರಿಯವರು ಕಣ್ಣಿನ ಗುಳಿಗೆ ಸಿಕ್ಕಿಸಿಕೊಳ್ಳುವ ಕಪ್ಪು ಬಟ್ಟಲಿನಂಥ ಮಸೂರವನ್ನು ನೀವು ನೋಡಿರುತ್ತೀರಿ. ಅವರು ಅದನ್ನು ಐಗ್ಲಾಸ್ ಎನ್ನುತ್ತಾರೆ. ಕೈಯಲ್ಲಿ ಹಿಡಿದುಕೊಂಡರೆ ಕೆಲಸ ಮಾಡುವುದು ಯಾವ ಕೈಯಲ್ಲಿ? ಹಾಗಾಗಿ ಅದನ್ನು ಹುಬ್ಬು ಮತ್ತು ಕೆನ್ನೆಯ ನಡುವೆಯೇ ಕಚ್ಚಿ ಹಿಡಿಯಬೇಕು. ಮಾಯಣ್ಣ ಬೆಳಿಗ್ಗೆ ಹಾಕಿಕೊಂಡರೆ ಊಟದ ಹೊತ್ತಿಗೇ ತೆಗೆಯುವುದು. ಮಾತಾಡಿದರೂ, ನಕ್ಕರೂ, ಒಮ್ಮೆ ಸೀನಿದರೂ ಅದು ಕದಲುವುದಿಲ್ಲವೆಂದು ಪಕ್ಕದಲ್ಲಿ ನಾರು ಬೇರು ಮಾರುವ ಗ್ರಂಥಿಗೆ ಅಂಗಡಿಯ ರೇವಣಸಿದ್ದಯ್ಯನವರು ಪಂಥ ಕಟ್ಟುವವರ ಹಾಗೆ ಎಲ್ಲರಿಗೂ ಹೇಳುತ್ತಿದ್ದರು.

ಮಾಯಣ್ಣನವರದು ಇನ್ನೊಂದು ರೀತಿ ಇತ್ತು. ಗಿರಾಕಿಗಳು ಬಂದು, ವಾಚು ಮನೆಯಲ್ಲಿ ನಿಂತುಹೋಗುತ್ತೆ ಎನ್ನುತ್ತಾರೆ. ಕೈಗೆ ತೆಗೆದುಕೊಂಡು ನೋಡಿದರೆ ಚೆನ್ನಾಗಿ ಓಡುತ್ತಿರುತ್ತದೆ. ಬೇರೆಯವರಾದರೆ, ಏನೂ ಆಗಿಲ್ಲ, ತಗೊಂಡು ಹೋಗಿ ಎಂದುಬಿಡುತ್ತಾರೆ. ಮಾಯಣ್ಣ ಹಾಗೆ ಹೇಳಿದವರೇ ಅಲ್ಲ. "ಎರಡು ದಿನ ಇಟ್ಟು ಹೋಗಿ, ನೋಡೋಣ" ಎನ್ನುತ್ತಿದ್ದರು. ಆ ವಾಚನ್ನು ಟಿಫನ್ ಡಬ್ಬಿಯ ಪಕ್ಕದಲ್ಲಿಟ್ಟುಕೊಂಡು, ಕೆಲಸದ ನಡುವೆ ಗಂಟೆಗೊಂದು ಸಲ ಅದರ ಮುಖ ನೋಡುತ್ತಿದ್ದರು. ಎಲ್ಲ ವಾಚೂ ಯಾವಾಗಲಾದರೂ ತನ್ನ ಕಾಯಿಲೆ ತೋರಿಸಿಯೇ ತೋರಿಸುತ್ತದೆ, ನೋಡುವವನಿಗೆ ಪುರುಸೊತ್ತು ಇರಬೇಕು ಎಂಬುದು ಅವರ ನಂಬಿಕೆ.

ಇಂಥ ಮನುಷ್ಯ ಹೋದ ವರ್ಷ ದಸರಾ ಮುಗಿದ ಮೇಲೆ ಮಾಡಿಕೊಂಡ ಎಡವಟ್ಟು ಇದು.

ಮಲ್ಲೇಶ್ವರದಿಂದ ಆಂಡಾಳ್ ಟೀಚರ್ ತಮ್ಮ ಚಾವಿ ಕೊಡುವ ಪುಟ್ಟ ವಾಚನ್ನು ತಂದುಕೊಟ್ಟರು. ಅವರು ಶಾಲೆಯಿಂದ ನಿವೃತ್ತರಾಗಿ ಹತ್ತು ವರ್ಷವಾಗಿತ್ತು, ಆದರೆ ಗಂಟೆ ನೋಡಿಕೊಂಡು ಬದುಕುವ ಚಾಳಿ ಬಿಟ್ಟಿರಲಿಲ್ಲ. ವಾಚು ಬೆಳಗಿನ ಹೊತ್ತಿಗೆ ನಿಂತಿರುತ್ತದೆ ಎಂಬುದು ದೂರು. ಮಾಯಣ್ಣ ಮುಚ್ಚಳ ತೆಗೆದು, ಐಗ್ಲಾಸ್ ಹಾಕಿಕೊಂಡು ಬಗ್ಗಿದರು. ಸ್ವಲ್ಪ ಹೊತ್ತಿಗೆ ಕಂಡಿತು. ಚಕ್ರದ ಮೇಲೆ ಒಂದು ಕೂದಲು.

ವಾಚಿನೊಳಗೆ ಕೂದಲು ಬಿದ್ದರೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಒಳಗಿನ ಸ್ಪ್ರಿಂಗೇ ಕೂದಲಿನಷ್ಟು ತೆಳ್ಳಗಿರುತ್ತದೆ, ಅದಕ್ಕೆ ನಿಜವಾದ ಕೂದಲೊಂದು ಸುತ್ತಿಕೊಂಡರೆ ಮುಗಿಯಿತು. ಮಾಯಣ್ಣ ಚಿಮುಟ ತೆಗೆದುಕೊಂಡರು. ಕೂದಲು ಸಿಗಲಿಲ್ಲ. ರಬ್ಬರ್ ಬುಡ್ಡಿಯಿಂದ ಗಾಳಿ ಊದಿದರು. ಹೋಯಿತು. ಮುಚ್ಚಳ ಹಾಕಿ ಕೊಟ್ಟರು. ನಾಲ್ಕು ದಿನಕ್ಕೆ ಟೀಚರ್ ವಾಪಸ್ಸು ಬಂದರು. ಮತ್ತೆ ತೆರೆದರೆ ಮತ್ತೆ ಕೂದಲು. ಈ ಸಲ ಎಲ್ಲ ಬಿಚ್ಚಿ, ತೊಳೆದು, ಒಣಗಿಸಿ ಜೋಡಿಸಿದರು. ಮೂರನೇ ಸಲ ಬಂದಾಗಲೂ ಅದೇ ಕೂದಲು, ಅದೇ ಉದ್ದ. ಆಮೇಲೆ ಆಂಡಾಳ್ ಟೀಚರ ವಾಚಿನಲ್ಲಿ ಮಾತ್ರವಲ್ಲ, ಬಂದ ವಾಚುಗಳಲ್ಲೆಲ್ಲ ಕೂದಲು ಕಾಣಲು ಶುರುವಾಯಿತು.

ಈಗ ನೀವು ಹೇಳುತ್ತೀರಿ, ಬುದ್ಧಿ ಇದ್ದವನು ಕಣ್ಣು ತೋರಿಸಿಕೊಳ್ಳಬೇಕಿತ್ತು ಎಂದು. ಆದರೆ ನಲವತ್ತನಾಲ್ಕು ವರ್ಷ ಗಾಜಿನ ಮೂಲಕವೇ ಲೋಕ ನೋಡಿದವರಿಗೆ ಮೊದಲು ಅನುಮಾನ ಬರುವುದು ಗಾಜಿನ ಮೇಲೆ. ಮಾಯಣ್ಣ ಐಗ್ಲಾಸನ್ನು ಒರೆಸಿದರು, ಸ್ಪಿರಿಟ್‌ನಲ್ಲಿ ತೊಳೆದರು, ಹೊಸದು ಕೊಂಡರು. ಪಕ್ಕದ ಅಂಗಡಿಯಿಂದ ನಾರು ಬೇರು ಹಾರಿ ಬರುತ್ತಿದೆಯೆಂದು ರೇವಣಸಿದ್ದಯ್ಯನವರ ಜೊತೆ ಎಂದೂ ಇಲ್ಲದ ಜಗಳ ಆಡಿದರು. ಕೊನೆಗೆ ತಮ್ಮ ಹುಬ್ಬಿನ ಮೇಲೇ ಗುಮಾನಿ ಬಂದು ಕ್ಷೌರದಂಗಡಿಗೆ ಹೋಗಿ ಎರಡೂ ಹುಬ್ಬು ಸಣ್ಣಗೆ ಕತ್ತರಿಸಿಕೊಂಡು ಬಂದರು. ಅರವತ್ತೇಳರ ವಯಸ್ಸಿನಲ್ಲಿ ಹುಬ್ಬು ತಿದ್ದಿಸಿಕೊಂಡ ಗಂಡನನ್ನು ಬಾಗಿಲಲ್ಲಿ ನೋಡಿ ವಿಶಾಲಮ್ಮ ಸೌಟು ಹಿಡಿದುಕೊಂಡೇ ನಿಂತುಬಿಟ್ಟರು.

"ಏನ್ರೀ ಇದು ಹೊಸ ಶೋಕಿ?"

"ಕೂದ್ಲು ಉದುರ್ತಿತ್ತು ಕಣೆ, ವಾಚೊಳಗೆ."

"ತಲೇಲಿ ಉಳಿದಿರೋದೇ ನಾಕು. ಅದನ್ನೂ ತೆಗೆಸ್ಕೊಂಡು ಬರ್ಬೇಕಿತ್ತು" ಎಂದು ವಿಶಾಲಮ್ಮ ಒಳಗೆ ಹೋದರು.

ಹನುಮಂತನಗರದ ಆ ಮನೆ ಚಿಕ್ಕದು, ಮೊದಲನೇ ಮಹಡಿ, ಎರಡು ಕೋಣೆ. ಮಗಳು ಮದುವೆಯಾಗಿ ಮತ್ತಿಕೆರೆಯಲ್ಲಿದ್ದಳು, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದಳು. ಇಬ್ಬರಿಗೂ ಮೊಣಕಾಲು ಇನ್ನೂ ಚೆನ್ನಾಗಿದ್ದುದರಿಂದ ಊಟ ನೆಲದ ಮೇಲೇ. ಆ ಭಾನುವಾರ ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು ಮುಗಿದು ಮೊಸರನ್ನಕ್ಕೆ ಬಂದಿತ್ತು. ಮಾಯಣ್ಣ ತಟ್ಟೆಯ ಮೇಲೆ ಬಗ್ಗಿ ಒಂದು ತುತ್ತು ಕಲಸಿದವರು ಕೈ ನಿಲ್ಲಿಸಿದರು.

"ವಿಶಾಲೂ, ಕೂದ್ಲು."

ಮದುವೆಯಾದಾಗಿನಿಂದ ಅವರು ಊಟದ ಬಗ್ಗೆ ಒಂದು ಮಾತು ಆಡಿದವರಲ್ಲ. ಉಪ್ಪು ಜಾಸ್ತಿಯಾದರೂ ತೆಪ್ಪಗೆ ತಿಂದು ಏಳುತ್ತಿದ್ದರು. ವಿಶಾಲಮ್ಮನಿಗೆ ಮೊದಲು ನಾಚಿಕೆಯಾಯಿತು, ಹತ್ತಿರ ಬಂದು ನೋಡಿದ ಮೇಲೆ ಸಿಟ್ಟು ಬಂತು.

"ಎಲ್ಲಿದೆ?"

"ಇಲ್ಲೇ. ನೋಡು, ಹೊರಳ್ತಾ ಇದೆ."

"ಮೂವತ್ತೊಂಬತ್ತು ವರ್ಷದಿಂದ ಬಡಿಸ್ತಿದೀನಿ. ಒಂದಿನ ಕೂದ್ಲು ಸಿಕ್ಕಿತ್ತಾ ನಿಮ್ಗೆ?" ಎನ್ನುತ್ತಾ ಅವರು ತಟ್ಟೆ ಎತ್ತಿಕೊಂಡು ಹೋಗಿ ಬೇರೆ ತಟ್ಟೆಯಲ್ಲಿ ಬೇರೆ ಅನ್ನ ತಂದರು. ಅದರಲ್ಲೂ ಕೂದಲಿತ್ತು. ವಿಶಾಲಮ್ಮ ಈ ಸಲ ಬರೀ ತಟ್ಟೆಯನ್ನು ತೊಳೆದು, ಸೆರಗಿನಲ್ಲಿ ಒರೆಸಿ, ಗಂಡನ ಮುಂದಿಟ್ಟರು.

"ಇದ್ರಲ್ಲಿ?"

ಮಾಯಣ್ಣ ಬಗ್ಗಿ ನೋಡಿದರು. "ಇದೆ" ಎಂದರು, ಮೆಲ್ಲಗೆ.

ಆಗ ವಿಶಾಲಮ್ಮನ ಸಿಟ್ಟು ಇಳಿದುಹೋಯಿತು. ಗಂಡನ ಎದುರು ಕೂತು, ಒದ್ದೆ ಕೈಯಿಂದ ಅವರ ಎಡಗಣ್ಣು ಮುಚ್ಚಿದರು. ಕಾಣ್ತಾ? ಕಾಣುತ್ತಿತ್ತು. ಬಲಗಣ್ಣು ಮುಚ್ಚಿದರು. ತಟ್ಟೆ ಖಾಲಿ. ಮತ್ತೊಂದು ಸಲ ಹಾಗೇ ಮಾಡಿದರು, ಹಾಗೇ ಆಯಿತು. ಇಬ್ಬರಿಗೂ ಅರ್ಥವಾಯಿತು. ಕೆಡುವುದಾದರೆ ಬೇರೆ ಏನು ಬೇಕಾದರೂ ಕೆಡಬಹುದಿತ್ತು. ಅಷ್ಟು ಬಿಟ್ಟು ಬಲಗಣ್ಣಿಗೇ ಬಂತಲ್ಲ ಎಂದು ಮಾಯಣ್ಣನಿಗೆ ದಿಗಿಲಾಯಿತು. ಆ ಕಣ್ಣು ಹೋದರೆ ಅವರು ಮಾಡಬಲ್ಲ ಕೆಲಸ ಬೇರೊಂದಿರಲಿಲ್ಲ, ಮಾಡಬೇಕೆನ್ನುವ ಆಸೆಯೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಗಂಡ ಹೆಂಡತಿ ಚಾಮರಾಜಪೇಟೆಯ ಡಾಕ್ಟರ್ ತೇಜಶ್ರೀಯವರ ಕಣ್ಣಿನ ಕ್ಲಿನಿಕ್‌ಗೆ ಹೋದರು. ಡಾಕ್ಟರ್ ಚಿಕ್ಕ ವಯಸ್ಸಿನವರು, ಆದರೆ ಅವಸರದವರಲ್ಲ. ಪಾಪೆ ಹಿಗ್ಗಿಸುವ ಹನಿ ಹಾಕಿ, ಯಂತ್ರದ ಮೇಲೆ ಗದ್ದ ಇಡಿಸಿ, ಬೆಳಕು ಬಿಟ್ಟು, ಮೇಲೆ ನೋಡಿ ಕೆಳಗೆ ನೋಡಿ ಎಂದು ಬಹಳ ಹೊತ್ತು ಪರೀಕ್ಷೆ ಮಾಡಿದರು.

"ಏನೂ ಕಾಣ್ತಿಲ್ಲ, ಮಾಯಣ್ಣೋರೇ. ವಯಸ್ಸಾದ ಮೇಲೆ ಕಣ್ಣೊಳಗಿನ ಅಂಟು ನೀರಾಗಿ ಎಳೆ ಎಳೆ ತೇಲುತ್ತೆ. ಎಷ್ಟೋ ಜನಕ್ಕೆ ಬರುತ್ತೆ. ಅಭ್ಯಾಸ ಆಗೋಗುತ್ತೆ, ಬಿಡಿ."

"ತೇಲೋದು ಬೇರೆ, ಮೇಡಂ. ಕಣ್ಣು ಅಲ್ಲಾಡಿಸದೆ ಇಟ್ಕೊಂಡ್ರೂ ಇದು ತಾನಾಗೇ ಸುತ್ಕೊಳ್ಳುತ್ತೆ, ಬಿಚ್ಕೊಳ್ಳುತ್ತೆ. ದಿನಾ ಸ್ಪ್ರಿಂಗ್ ನೋಡೋನು ನಾನು. ಬೇರೆಯವ್ರು ಆಡಿಸಿದ್ರೆ ಆಡೋದ್ಯಾವ್ದು, ತಾನೇ ಆಡೋದ್ಯಾವ್ದು, ಅಷ್ಟು ಗೊತ್ತಾಗುತ್ತೆ."

ಡಾಕ್ಟರ್ ಇನ್ನೊಮ್ಮೆ ನೋಡಿದರು. "ಇಲ್ಲ, ಏನೂ ಇಲ್ಲ" ಎಂದರು.

ತಾವು ಯಾವ ಗಿರಾಕಿಗೂ ಎಂದೂ ಹೇಳದಿದ್ದ ಆ ಮಾತನ್ನು ಈಗ ತಾವೇ ಹೇಳಿಸಿಕೊಳ್ಳುವುದು ಮಾಯಣ್ಣನಿಗೆ ಬೇಸರವಾಯಿತು. ಅವರು ಎದ್ದು ಹೋಗಲಿಲ್ಲ. ಟೋಪಿ ಕೈಯಲ್ಲಿ ಹಿಡಿದುಕೊಂಡು ಹೇಳಿದರು:

"ನಮ್ಮ ಹತ್ರ ವಾಚು ಬಂದ್ರೆ ಎರಡು ದಿನ ಇಟ್ಕೊಂಡು ನೋಡ್ತೀವಿ, ಮೇಡಂ. ಕಣ್ಣು ಬಿಚ್ಚಿ ಇಟ್ಟು ಹೋಗೋಕಾಗಲ್ವಲ್ಲ. ಅದಕ್ಕೆ ನಾನೇ ಜೊತೇಲಿ ಕೂತಿರ್ತೀನಿ. ನಿಮ್ಗೆ ಪುರುಸೊತ್ತಾದಾಗ ಒಂದ್ಸಲ ನೋಡಿ, ಸಾಕು."

ಡಾಕ್ಟರಿಗೆ ನಗು ಬಂತು. ಬೇಡವೆನ್ನಲು ಮನಸ್ಸು ಬರಲಿಲ್ಲ. ಸರಿ, ಕೂತಿರಿ, ಹಿಗ್ಗಿಸೋ ಹನಿ ಮತ್ತೆ ಹಾಕಲ್ಲ, ಸುಮ್ಮನೆ ನೋಡ್ತೀನಿ ಎಂದರು.

ಅವತ್ತು ಇಡೀ ದಿನ, ಮಾರನೆಯ ದಿನ ಮಧ್ಯಾಹ್ನದವರೆಗೆ ಮಾಯಣ್ಣ ಆ ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತರು. ಮೆತ್ತನೆಯ ಬೆನ್ನಿದ್ದ ಕುರ್ಚಿ. ಬೆನ್ನು ಆನಿಸಿಕೊಂಡು ನೆಟ್ಟಗೆ ಕೂರುವುದರಲ್ಲಿ ಇಷ್ಟು ಸುಖವಿದೆಯೆಂದು ಅವರಿಗೆ ಈ ವಯಸ್ಸಿನವರೆಗೆ ಗೊತ್ತಿರಲಿಲ್ಲ. ಡಾಕ್ಟರ್ ಗಂಟೆಗೊಮ್ಮೆ ಕರೆದು ನೋಡುವರು, ತಲೆ ಆಡಿಸುವರು. ಮಾಯಣ್ಣನಿಗೂ ಕೂದಲು ಕಾಣುತ್ತಿರಲಿಲ್ಲ. ಇದು ಅವರಿಗೇ ಅವಮಾನ. ಮನೆಯಲ್ಲಿ ಹೆಂಡತಿಯ ಅಡುಗೆಗೆ ಹೆಸರಿಟ್ಟು, ಇಲ್ಲಿ ಡಾಕ್ಟರನ್ನು ಕಾಯಿಸಿ, ಕೊನೆಗೆ ಎಲ್ಲ ನನ್ನ ಭ್ರಮೆ ಎಂದಾದರೆ? ವಿಶಾಲಮ್ಮ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮನೆಗೆ ಹೋಗೋಣವೆಂದು ಒಂದು ಸಲವೂ ಹೇಳಲಿಲ್ಲ.

ಎರಡನೆಯ ದಿನ ಹನ್ನೆರಡೂವರೆಗೆ ಫೋನ್ ಬಂತು. ಆಂಡಾಳ್ ಟೀಚರ್. ವಾಚು ಮತ್ತೆ ನಿಂತಿತ್ತು. ಅಂಗಡಿಗೆ ಬಂದರೆ ಬಾಗಿಲು ಹಾಕಿದೆ, ಇದೇನು ಮಾಯಣ್ಣ ಎಂದು ಕೇಳಿದರು. ಮಾಯಣ್ಣ ಕ್ಷಮೆ ಕೇಳಿದರು. ಆಮೇಲೆ ಕೆಲಸದ ಬಾಯಿ ಸುಮ್ಮನಿರದೆ, ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದರು. ಕೂದಲಿನ ಗಲಾಟೆಯಲ್ಲಿ ಅದು ಮರೆತೇಹೋಗಿತ್ತು.

"ಟೀಚರೇ, ಮಲಗೋವಾಗ ವಾಚು ಎಲ್ಲಿಡ್ತೀರಿ? ಮಲಗಿಸಿಡ್ತೀರಾ, ನಿಲ್ಲಿಸಿಡ್ತೀರಾ?"

"ಕಿಟಕಿ ಪಕ್ಕ ಮೊಳೆ ಇದೆಯಲ್ಲಪ್ಪ, ಅದಕ್ಕೆ ನೇತು ಹಾಕ್ತೀನಿ."

"ಮೇಜಿನ ಮೇಲೆ ಮಲಗಿಸಿ ಇಡಿ. ಕೆಲವು ವಾಚು ಮಲಗಿಸಿದ್ರೆ ಓಡುತ್ತೆ, ನಿಲ್ಲಿಸಿದ್ರೆ ನಿಲ್ಲುತ್ತೆ. ಅದಕ್ಕೆ ಬೇರೇ ರಿಪೇರಿ ಇದೆ, ಆಮೇಲೆ..."

ಮಾತು ಅಲ್ಲಿಗೇ ನಿಂತಿತು. ಫೋನಿನಲ್ಲಿ ಟೀಚರ್ ಹಲೋ ಹಲೋ ಎನ್ನುತ್ತಿದ್ದರು. ಮಾಯಣ್ಣ ಹೆಂಡತಿಯ ಕಡೆ ತಿರುಗಿದರು.

"ವಿಶಾಲೂ, ಅಂಗಡೀಲಿ ನಾನು ಬಗ್ಗಿರ್ತೀನಿ. ಊಟಕ್ಕೆ ಕೂತಾಗ್ಲೂ ಬಗ್ಗಿದ್ದೆ. ಇಲ್ಲಿ ನೆಟ್ಟಗೆ ಕೂತಿದೀನಿ."

ವಿಶಾಲಮ್ಮ ಅವರೆಕಾಯಿ ಚೀಲ ಕೆಳಗಿಟ್ಟರು. "ಹಾಗಾದ್ರೆ ಬಗ್ಗಿ" ಎಂದರು.

ಮಾಯಣ್ಣ ಕುರ್ಚಿಯ ತುದಿಗೆ ಬಂದು, ಮೊಣಕಾಲ ಮೇಲೆ ಮೊಣಕೈ ಊರಿ, ಮುಖ ನೆಲಕ್ಕೆ ಮಾಡಿ ಕೂತರು. ಉಳಿದ ರೋಗಿಗಳು ಇವರಿಗೆ ತಲೆಸುತ್ತು ಬಂದಿದೆಯೆಂದು ನೀರು ಕೊಡಲು ಬಂದರು. ವಿಶಾಲಮ್ಮ ಅವರನ್ನೆಲ್ಲ ಕೈಸನ್ನೆಯಲ್ಲೇ ತಡೆದರು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ನೆಲಕ್ಕೆ ಬಿಳಿ ಟೈಲ್ಸ್ ಹಾಕಿತ್ತು. ಅರ್ಧ ಗಂಟೆಯ ಹೊತ್ತಿಗೆ ಆ ಬಿಳುಪಿನ ಮೇಲೆ ಎಳೆಯೊಂದು ಸುಳಿಯಿತು, ಸುತ್ತಿಕೊಂಡಿತು, ಬಿಚ್ಚಿಕೊಂಡಿತು.

"ಬಂತು" ಎಂದರು ಮಾಯಣ್ಣ.

ತಲೆ ಎತ್ತದೆ, ಹೆಂಡತಿಯ ಕೈ ಹಿಡಿದುಕೊಂಡು, ಬಗ್ಗಿಕೊಂಡೇ ಅವರು ಡಾಕ್ಟರ ಕೋಣೆಗೆ ನಡೆದರು. ಅಷ್ಟು ವರ್ಷ ಮೆಟ್ಟಿಲ ಕೆಳಗೆ ನಡೆದ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಂತು. ಯಂತ್ರದ ಮೇಲೆ ಗದ್ದ ಇಟ್ಟರೆ ತಲೆ ನೆಟ್ಟಗಾಗುತ್ತದೆ, ಅದು ಮತ್ತೆ ಹೋಗುತ್ತದೆ ಎಂದು ವಿವರಿಸಿದರು. ಡಾಕ್ಟರ್ ತೇಜಶ್ರೀ ಒಂದು ಕ್ಷಣ ಯೋಚಿಸಿ, ಟಾರ್ಚನ್ನೂ ಕೈಮಸೂರವನ್ನೂ ತೆಗೆದುಕೊಂಡು, ಸೀರೆ ಒತ್ತರಿಸಿ ನೆಲದ ಮೇಲೆ ಕೂತರು. ಕೆಳಗಿನಿಂದ ಮೇಲಕ್ಕೆ, ಮಾಯಣ್ಣನವರ ಕಣ್ಣಿನೊಳಗೆ ನೋಡಿದರು. ಟಾರ್ಚು ಹಿಡಿದ ಕೈ ಹಾಗೇ ನಿಂತಿತು.

"ಮಾಯಣ್ಣೋರೇ, ತಲೆ ಎತ್ಬೇಡಿ."

ಕಪ್ಪು ಪಾಪೆಯ ಮುಂದೆ, ಕಣ್ಣಿನ ಗಾಜಿನಂಥ ಪೊರೆಯ ಹಿಂದೆ, ಎರಡು ಜೀರಿಗೆ ಕಾಳನ್ನು ಉದ್ದಕ್ಕೆ ಜೋಡಿಸಿದಷ್ಟಿದ್ದ ಬಿಳಿಯ ಹುಳ ಹೊರಳಾಡುತ್ತಿತ್ತು. ಜೀವಂತ ಹುಳ. ಡಾಕ್ಟರ್ ಅದನ್ನು ಮುಚ್ಚಿಡದೆ ಹೇಳಿದರು. ತನ್ನೊಳಗೆ ಇನ್ನೊಂದು ಜೀವ ಓಡಾಡುತ್ತಿದೆ, ತಾನು ಅದನ್ನು ಚಿಮುಟದಲ್ಲಿ ಹಿಡಿಯಲು ಹೋಗುತ್ತಿದ್ದೆ ಎಂದು ನೆನೆದು ಮಾಯಣ್ಣನಿಗೆ ಅಸಹ್ಯವಾಯಿತು. ಅದರ ಹಿಂದೆಯೇ, ನಾಚಿಕೆಯಿಲ್ಲದೆ, ಸಮಾಧಾನವೂ ಆಯಿತು. ಸುಳ್ಳು ಹೇಳಿರಲಿಲ್ಲ ಅವರು.

"ಕಣ್ಣು ಉಳಿಯುತ್ತಾ, ಮೇಡಂ?" ಎಂದು ನೆಲ ನೋಡಿಕೊಂಡೇ ಕೇಳಿದರು.

"ಬಗ್ಗಿದಾಗ ಪಾಪೆ ದಾಟಿ ಕಣ್ಣಿನ ಮುಂದಿನ ಕೋಣೆಗೆ ಬರುತ್ತೆ, ಈಗ ಅಲ್ಲೇ ಇದೆ. ಹಿಂದಕ್ಕೆ ಹೋಗಿ ನರದ ಪರದೆ ಸೇರಿದ್ರೆ ಕಷ್ಟ. ಒಳಗೇ ಸತ್ತರೂ ಕಷ್ಟ. ಪಾಪೆ ಚಿಕ್ಕದಾಗೋ ಹನಿ ಹಾಕ್ತೀನಿ, ಬಾಗಿಲು ಮುಚ್ಚಿದ ಹಾಗೆ. ಆಪರೇಷನ್‌ಗೆ ದೊಡ್ಡ ಆಸ್ಪತ್ರೆಗೆ ಈಗಲೇ ಹೋಗ್ಬೇಕು, ನಾನೂ ಬರ್ತೀನಿ. ಅಲ್ಲೀವರೆಗೆ ಹೀಗೇ ಬಗ್ಗಿರೋಕಾಗುತ್ತಾ?"

"ಅದೊಂದು ನನಗೆ ಬರುತ್ತೆ" ಎಂದರು ಮಾಯಣ್ಣ.

ಹನಿ ಹಾಕಿಸಿಕೊಂಡು ಆಟೋ ಹತ್ತಿದರು. ಸೀಟಿನ ಮೇಲೆ ಬೋರಲಾಗಿ, ಮುಖ ಹೆಂಡತಿಯ ಮಡಿಲಲ್ಲಿಟ್ಟು ಮಾಯಣ್ಣ ಮಲಗಿದರು. ನಡು ಮಧ್ಯಾಹ್ನ, ಸಿಗ್ನಲ್ಲಿನಲ್ಲಿ ನಿಂತ ಬಸ್ಸಿನ ಕಿಟಕಿಗಳ ತುಂಬ ಜನ. ಬೇರೆ ದಿನವಾಗಿದ್ದರೆ ವಿಶಾಲಮ್ಮ ನಾಚಿಕೆಯಿಂದ ಭೂಮಿಗಿಳಿದು ಹೋಗುತ್ತಿದ್ದರು. ಅವತ್ತು ಗಂಡನ ತಲೆಯನ್ನು ಎರಡೂ ಕೈಯಿಂದ ಅಮುಕಿ ಹಿಡಿದು, ಗುಂಡಿ ನೋಡ್ಕೊಂಡು ಓಡಿಸಪ್ಪ ಎಂದು ಡ್ರೈವರಿಗೆ ದಾರಿಯುದ್ದಕ್ಕೂ ಹೇಳುತ್ತಲೇ ಇದ್ದರು.

ಆಪರೇಷನ್ ಹೊತ್ತಿನಲ್ಲಿ ಮಾಯಣ್ಣನಿಗೆ ಎಚ್ಚರವಿತ್ತು. ಕಣ್ಣಿನ ಪಕ್ಕ ಕೊಟ್ಟ ಇಂಜೆಕ್ಷನ್ನಿನಿಂದ ನೋವು ಇರಲಿಲ್ಲ, ಬರೀ ಬೆಳಕಿನ ಮಬ್ಬು. ಆದರೆ ಕಿವಿ ಕೆಲಸ ಮಾಡುತ್ತಿತ್ತು. ಸ್ಟೀಲ್ ತಟ್ಟೆಯ ಮೇಲೆ ಸಣ್ಣ ಉಪಕರಣಗಳನ್ನು ಇಡುವ, ಎತ್ತುವ ಶಬ್ದ ಅವರಿಗೆ ಅಂಗಡಿಯಷ್ಟೇ ಪರಿಚಯದ್ದು. ಇಡುವ ಕೈ ಗಡಿಬಿಡಿಯಲ್ಲಿಲ್ಲ ಎಂಬುದು ಆ ಶಬ್ದದಿಂದಲೇ ತಿಳಿಯಿತು. ಒಳ್ಳೇ ಕೈ ಎಂದುಕೊಂಡರು. ಸ್ವಲ್ಪ ಹೊತ್ತಿನ ಮೇಲೆ ತೇಜಶ್ರೀಯವರ ಧ್ವನಿ ಕೇಳಿಸಿತು: "ಬಂತು. ಪೂರ್ತಿ ಬಂತು."

ಮಾರನೆಯ ಬೆಳಿಗ್ಗೆ ಡಾಕ್ಟರ್ ಒಂದು ಪುಟ್ಟ ಸೀಸೆ ತಂದು ತೋರಿಸಿದರು. ಬಲಗಣ್ಣಿಗೆ ಪಟ್ಟಿ ಕಟ್ಟಿತ್ತು, ಮಾಯಣ್ಣ ಎಡಗಣ್ಣಿನಲ್ಲಿ ನೋಡಿದರು. ಎಷ್ಟು ಚಿಕ್ಕದು! ಇದಕ್ಕೋಸ್ಕರ ಎರಡು ಹುಬ್ಬು ಕಳೆದುಕೊಂಡೆನಲ್ಲ ಎಂದು ನಗು ಬಂತು. ಹತ್ತು ದಿನದ ಮೇಲೆ ಪರೀಕ್ಷೆಯ ವರದಿಯೂ ಬಂತು. ನಾಯಿಗಳ ಮೈಯಲ್ಲಿ ಬದುಕುವ ಜಾತಿಯ ಹುಳ, ಸೊಳ್ಳೆ ಕಚ್ಚಿದಾಗ ಅದರ ಮರಿ ಮನುಷ್ಯನೊಳಗೆ ಸೇರುತ್ತದೆ, ಸೇರಿದ ಮೇಲೆ ದಾರಿ ತಿಳಿಯದೆ ಅಲೆಯುತ್ತದೆ, ಕಣ್ಣಿನೊಳಗೆ ಬರುವುದು ಬಹಳ ಅಪರೂಪ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ ಎಂದು ಡಾಕ್ಟರ್ ತಿಳಿಸಿ ಹೇಳಿದರು. ಗಲ್ಲಿಯ ಚರಂಡಿಯ ಪಕ್ಕ ಅಷ್ಟು ವರ್ಷ ಕೂತವರಿಗೆ ಕಚ್ಚಿದ ಸೊಳ್ಳೆಯ ಲೆಕ್ಕ ಯಾರು ಇಟ್ಟಿರುತ್ತಾರೆ?

ಸುದ್ದಿ ಮಾಮೂಲ್‌ಪೇಟೆ ತಲುಪಿತು. ಗಲ್ಲಿಯ ಈ ತುದಿಯಲ್ಲಿ ಜೀರಿಗೆಯಷ್ಟಿದ್ದ ಹುಳ ಆ ತುದಿ ಮುಟ್ಟುವ ಹೊತ್ತಿಗೆ ಮೊಳದುದ್ದ ಬೆಳೆದಿತ್ತು. ರೇವಣಸಿದ್ದಯ್ಯನವರು ಹಣ್ಣು ಹಿಡಿದುಕೊಂಡು ಹನುಮಂತನಗರಕ್ಕೆ ಬಂದರು. ಮಾಯಣ್ಣ ಬಾಗಿಲಲ್ಲೇ ಕೈ ಮುಗಿದರು.

"ನಿಮ್ಮ ನಾರು ಬೇರಿನ ಮೇಲೆ ತಪ್ಪು ಹೊರಿಸಿದೆ, ಅಯ್ನೋರೇ. ಮನಸ್ಸಲ್ಲಿಟ್ಕೋಬೇಡಿ."

"ಬಿಡಪ್ಪ, ಹುಳ ಮಾಡಿದ ಜಗಳ ಅದು" ಎಂದು ರೇವಣಸಿದ್ದಯ್ಯನವರು ನಕ್ಕು, ಇನ್ನು ಮುಂದೆ ಸಂಜೆ ಹೊತ್ತು ಎರಡೂ ಅಂಗಡಿಗೆ ಸೇರಿ ಬೇವಿನ ಹೊಗೆ ಹಾಕುವುದಾಗಿ ಹೇಳಿ ಹೋದರು. ಆಂಡಾಳ್ ಟೀಚರ್ ಫೋನ್ ಮಾಡಿ, ಮಲಗಿಸಿಟ್ಟ ವಾಚು ಈಗ ನಿಂತಿಲ್ಲವೆಂದು ತಿಳಿಸಿದರು.

ಎಲ್ಲರಿಗೂ ಎಲ್ಲ ಮುಗಿದಿತ್ತು. ಬಲಗಣ್ಣು ಮತ್ತೆ ಕೆಲಸಕ್ಕೆ ಬರುತ್ತದೆಯೇ ಎಂಬ ಮಾಯಣ್ಣನವರ ಪ್ರಶ್ನೆ ಮಾತ್ರ ಹಾಗೇ ಉಳಿದಿತ್ತು. ಆರು ವಾರದ ಮೇಲೆ ಡಾಕ್ಟರ್ ಗೋಡೆಯ ಅಕ್ಷರಗಳನ್ನು ಓದಿಸಿದರು. ಕೊನೆಯ ಸಾಲೊಂದು ಬಿಟ್ಟು ಎಲ್ಲ ಓದಿದರು. ವಿಶಾಲಮ್ಮನಿಗೆ ಕಣ್ಣಲ್ಲಿ ನೀರು ಬಂತು.

"ದೂರದ್ದು ಚೆನ್ನಾಗಿದೆ, ಪೇಪರ್ ಓದ್ಬಹುದು, ರಸ್ತೆ ದಾಟ್ಬಹುದು. ಹುಳ ಉಜ್ಜಿದ ಗುರುತು ನಡು ಭಾಗದಲ್ಲಿ ಸ್ವಲ್ಪ ಉಳಿದಿದೆ. ನಿಮ್ಮ ಐಗ್ಲಾಸ್ ಕೆಲಸಕ್ಕೆ ಹೇಗೋ ನನಗೆ ಹೇಳೋಕಾಗಲ್ಲ, ಮಾಯಣ್ಣೋರೇ. ನೀವೇ ನೋಡಿ ಹೇಳ್ಬೇಕು" ಎಂದರು ತೇಜಶ್ರೀ.

ಮರುದಿನ ಬೆಳಿಗ್ಗೆ ಮಾಯಣ್ಣ ಅಂಗಡಿಗೆ ಹೊರಟರು. ವಿಶಾಲಮ್ಮ ತಾನೂ ಬರುತ್ತೇನೆಂದರು. ಅಷ್ಟು ವರ್ಷದಲ್ಲಿ ಅವರು ಆ ಅಂಗಡಿಯೊಳಗೆ ಕಾಲಿಟ್ಟವರಲ್ಲ, ಇಬ್ಬರಿಗೆ ಜಾಗವೇ ಇರಲಿಲ್ಲ. ಈಗ ಒಂದು ಮಣೆ ಹಾಕಿಕೊಂಡು ಗಂಡನ ಮೊಣಕಾಲಿನ ಪಕ್ಕ ಹೇಗೋ ಕೂತರು. ಮಾಯಣ್ಣ ಒಂದು ಹಳೆಯ ವಾಚಿನ ಮುಚ್ಚಳ ತೆಗೆದು, ದೀಪ ಹತ್ತಿರ ಎಳೆದು, ಐಗ್ಲಾಸನ್ನು ಬಲಗಣ್ಣಿಗೆ ಹಾಕಿಕೊಂಡು ಬಗ್ಗಿದರು.

ಕೂದಲಿರಲಿಲ್ಲ. ಆದರೆ ಸ್ಪ್ರಿಂಗಿನ ಸುತ್ತುಗಳೂ ಇರಲಿಲ್ಲ. ಬಿಡಿಬಿಡಿಯಾಗಿ ಕಾಣಬೇಕಾದ ಸುತ್ತುಗಳೆಲ್ಲ ಸೇರಿ ಬೂದು ಬಣ್ಣದ ಒಂದು ಬೊಟ್ಟಾಗಿದ್ದವು. ಮಾಯಣ್ಣ ಐಗ್ಲಾಸ್ ಒರೆಸಲಿಲ್ಲ. ಈ ಸಲ ಅವರಿಗೆ ಗೊತ್ತಿತ್ತು. ಬಹಳ ಹೊತ್ತು ಹಾಗೇ ಬಗ್ಗಿ ಕೂತರು. ಗಂಡನ ಬೆನ್ನು ನೋಡಿಯೇ ವಿಶಾಲಮ್ಮನಿಗೆ ಉತ್ತರ ಸಿಕ್ಕಿತ್ತು. ಅಳು ಬಂದಿತ್ತು ಮಾಯಣ್ಣನಿಗೆ, ಅಂಗಡಿಯಲ್ಲಿ ಅತ್ತು ಗೊತ್ತಿಲ್ಲದ್ದರಿಂದ ಮೂಗು ಒರೆಸಿಕೊಂಡರು.

ಆಮೇಲೆ ಐಗ್ಲಾಸನ್ನು ತೆಗೆದು ಎಡಗಣ್ಣಿಗೆ ಇಟ್ಟುಕೊಂಡರು. ಅದು ನಿಲ್ಲಲಿಲ್ಲ, ಗಾಜಿನ ಮೇಲೆ ಟಣ್ಣೆಂದು ಬಿತ್ತು. ಮತ್ತೆ ಇಟ್ಟರು, ಮತ್ತೆ ಬಿತ್ತು. ಎಡಗಡೆಯ ಹುಬ್ಬಿಗೆ, ಕೆನ್ನೆಗೆ ಹಿಡಿಯುವುದು ಗೊತ್ತೇ ಇರಲಿಲ್ಲ. ಮೂರನೇ ಸಲ ಬಿದ್ದಾಗ ವಿಶಾಲಮ್ಮ ಅದನ್ನು ಎತ್ತಿಕೊಂಡರು. ಸೆರಗಿನಲ್ಲಿ ಒರೆಸಿ, ಗಂಡನ ಎಡಗಣ್ಣಿಗೆ ಒತ್ತಿ, ಎರಡು ಬೆರಳಿನಲ್ಲಿ ಹಿಡಿದರು.

"ಈಗ ನೋಡಿ."

ಮಾಯಣ್ಣ ಬಗ್ಗಿದರು. ಅವರ ಜೊತೆ ಹೆಂಡತಿಯ ಕೈಯೂ ಬಗ್ಗಿತು.

"ಕಾಣ್ತಾ?"

"ಇರು." ಚಿಮುಟ ಎತ್ತಿಕೊಂಡು ಅದರ ತುದಿಯಲ್ಲಿ ಸುತ್ತುಗಳನ್ನು ಎಣಿಸತೊಡಗಿದರು. "ಒಂದು, ಎರಡು, ಮೂರು... ಎಲ್ಲಾ ಸುತ್ತೂ ಕಾಣ್ತವೆ, ವಿಶಾಲೂ."

"ಅಲುಗಿಸ್ತಿದೀನಾ?"

"ಇಲ್ಲ."

ಹೊರಗೆ ಯಾರೋ ಗಿರಾಕಿ ಬಂದು ನಿಂತು, ಒಳಗಿನ ಇಬ್ಬರನ್ನೂ ನೋಡಿ, ಕರೆಯಲೋ ಬೇಡವೋ ಎಂದು ಕಾಯುತ್ತಿದ್ದರು. ವಿಶಾಲಮ್ಮನಿಗೆ ಸಂಕೋಚವಾಯಿತು.

"ಹೀಗೇ ಹಿಡಿದ್ರೆ ನನ್ನ ಕೈಗೇ ಅಭ್ಯಾಸ ಆಗೋಗುತ್ತೆ ನಿಮ್ಗೆ. ತೆಗೀಲಾ?" ಎಂದು ಪಿಸುಗುಟ್ಟಿದರು.

"ಅಭ್ಯಾಸ ಆಗ್ಲಿ, ಅವಸರ ಇಲ್ಲ" ಎಂದರು ಮಾಯಣ್ಣ, ತಲೆ ಎತ್ತದೆ. "ನೀನು ಹಿಡ್ಕೊಂಡಿರು."